ದೋಣಿಯ ಸದ್ದು ನಿಂತ ಕ್ಷಣ

೧೯೮೨ರ ಮಳೆಗಾಲದ ಆಟಿ ತಿಂಗಳು, ಬೆಳಗಿನ ಆರು ಗಂಟೆ. ಬಂಟ್ವಾಳದ ದೋಣಿ ಕಡವಿನಲ್ಲಿ ನೇತ್ರಾವತಿ ಕೆಂಪಗೆ ಏರುತ್ತಿದೆ. ಮೇಲಿನ ಮೆಟ್ಟಿಲಲ್ಲಿ ಅಬ್ದುಲ್ ನಾಸಿರ್ ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಕಿವಿಗೆ ಹೆಡ್‌ಫೋನು, ಪಕ್ಕದಲ್ಲಿ ಪ್ಲಾಸ್ಟಿಕ್ ಹೊದೆಸಿದ ರೆಕಾರ್ಡರು, ಕೈಯಲ್ಲಿ ಕೋಲಿಗೆ ಕಟ್ಟಿದ ಮೈಕು. ಕೆಳಗಿನ ಮಬ್ಬಿನಲ್ಲಿ ಅಂಬಿಗ ಜತ್ತಪ್ಪ, ಕಟ್ಟಿಹಾಕಿದ ದೋಣಿಯೊಳಗೆ ನಿಂತು ಮಳೆನೀರು ಮೊಗೆದು ಚೆಲ್ಲುತ್ತಿದ್ದಾರೆ.

“ಸಿನೆಮಾಕ್ಕೆ ನೆರೆಯ ಸದ್ದು ಬೇಕಿತ್ತು. ಕೇಳಿದರೆ ಎಣ್ಣೆಯಲ್ಲಿ ಏನೋ ಕರಿದ ಹಾಗೆ ಉಂಟು! ಹಾಗೆ ಮೈಕನ್ನು ದೋಣಿಯ ಕಡೆ ತಿರುಗಿಸಿದೆ. ಅದು ಕಲ್ಲಿಗೆ ಬಡೀತಾ ಇತ್ತು. ಟಕ್, ಟಕ್,” ಎಂದು ಆಮೇಲೆ ನೆನೆಯುತ್ತಾರೆ ನಾಸಿರ್.

ಟೇಪಿನ ಹನ್ನೊಂದನೆಯ ನಿಮಿಷಕ್ಕೆ ಬಡಿತ ನಿಲ್ಲುತ್ತದೆ.

“ಕಣ್ಣಿಗೆ ಏನೂ ಕಾಣ್ಲಿಲ್ಲ. ದೋಣಿಯ ಹಗ್ಗ ತುಂಡಾಯಿತು ಅಂತ ಕಿವಿಗೇ ಗೊತ್ತಾದದ್ದು.”

ನೀರಿನ ನಡುವಿನಿಂದ ಒಂದು ಚೀತ್ಕಾರ. ನಾಸಿರ್ ಎಲ್ಲವನ್ನೂ ಬಿಸಾಡಿ ದಡದುದ್ದಕ್ಕೂ ಬೊಬ್ಬೆ ಹಾಕುತ್ತ ಓಡುತ್ತಾರೆ. ಹೊಳೆಯ ಕೆಳಗಡೆ ಗೋದಾಮಿನ ಮೂಟೆ ಸಾಗಿಸುತ್ತಿದ್ದವರು ಅದನ್ನು ಕೇಳಿ ಹಗ್ಗ ಹಿಡಿದು ನೀರಿನಂಚಿಗೆ ಬರುತ್ತಾರೆ. ಬಿದಿರ ಮೆಳೆಗೆ ಸಿಕ್ಕಿಕೊಂಡ ಜತ್ತಪ್ಪನನ್ನು ಎಳೆದು ದಡಕ್ಕೆ ಹಾಕುತ್ತಾರೆ. ದೋಣಿ ಹೋಗಿದೆ. ಮೆಟ್ಟಿಲ ಮೇಲೆ ಟೇಪು ಇನ್ನೂ ತಿರುಗುತ್ತಿದೆ.

ಮೂವತ್ತನಾಲ್ಕರ ನಾಸಿರ್ ಪೇಟೆಯ ಮೈಕಿನಂಗಡಿಯಲ್ಲಿ ಕೆಲಸ ಕಲಿತವರು. ಶೂಟಿಂಗಿಗೆ ಬಂದ ತಂಡವೊಂದರ ಕೆಟ್ಟ ಸ್ಪೀಕರಿನ ದೋಷವನ್ನು ಬರೀ ಕೇಳಿಯೇ ಹೇಳಿದ್ದರಿಂದ ಶಬ್ದಗ್ರಾಹಕರ ಸಹಾಯಕರಾದರು. ಎಂಟು ಕಿಲೋ ಭಾರದ ಪೆಟ್ಟಿಗೆ ಹೊತ್ತು ಹತ್ತು ವರ್ಷಗಳಲ್ಲಿ ಹನ್ನೊಂದು ಚಿತ್ರಗಳಿಗೆ ದುಡಿದಿದ್ದಾರೆ. ತೆರೆಯ ಮೇಲೆ ಹೆಸರು ಬಂದದ್ದು ಎರಡರಲ್ಲಿ.

ನೆರೆಯ ಸದ್ದು ಬೇಕಾಗಿದ್ದ ಈ ಚಿತ್ರದ ಆ ದೃಶ್ಯದಲ್ಲಿ ನದಿಯೇ ಇಲ್ಲ. ಒಲೆ ಊದುತ್ತಿರುವ, ಕಥೆಯ ಅಂಬಿಗನ ಹೆಂಡತಿಯ ಮುಖ ಮಾತ್ರ. ಗಂಡ ಮುಳುಗಿದ್ದು ಸದ್ದಿನಲ್ಲೇ ತಿಳಿಯಬೇಕು. ಟೇಪು ಕೇಳಿದ ನಿರ್ದೇಶಕರು ಕುರ್ಚಿಯಿಂದ ಎದ್ದರಂತೆ: “ಆ ಕೂಗೂ ಇರಲಿ. ಅದೇ ಜೀವ.”

ನಾಸಿರ್ ಒಪ್ಪಲಿಲ್ಲ. ರೆಕಾರ್ಡರ್ ಹೊತ್ತು ಜತ್ತಪ್ಪನ ಮನೆಗೆ ಹೋದರು. ಜತ್ತಪ್ಪ ಹೆಡ್‌ಫೋನು ಹಾಕಿಕೊಂಡು ಕೊನೆಯವರೆಗೂ ಕೇಳಿದರು. ಹೆಂಡತಿ ಸೇಸಮ್ಮ ಬಾಗಿಲಲ್ಲಿ ನಿಂತಿದ್ದರು.

“ದೋಣಿಯದ್ದು ಇಟ್ಟುಕೋ. ನನ್ನ ಬೊಬ್ಬೆ ತೆಗಿ ಮಾರಾಯ,” ಎಂದರು ಜತ್ತಪ್ಪ. “ಇವಳು ಅದನ್ನು ಕೇಳುವುದು ಬೇಡ.”

“ಆಯ್ತು ಜತ್ತಪ್ಪಣ್ಣ” ಎಂದ ನಾಸಿರ್, ಅಲ್ಲೇ ಬ್ಲೇಡಿನಿಂದ ಟೇಪಿನ ಆ ತುಂಡು ಕತ್ತರಿಸಿ ಅವರ ಕೈಗಿತ್ತರು. ಅದು ಸೇಸಮ್ಮನ ಒಲೆ ಸೇರಿತು. ನಿರ್ದೇಶಕರು ಮುಂದಿನ ಚಿತ್ರಕ್ಕೆ ನಾಸಿರ್ ಅವರನ್ನು ಕರೆಯಲಿಲ್ಲ.

“ಕೂಗು ಇದ್ದಿದ್ದರೆ ಅದು ಜತ್ತಪ್ಪಣ್ಣನದ್ದು ಮಾತ್ರ. ಸದ್ದು ನಿಂತು ಸುಮ್ಮನಾದರೆ, ನೋಡುವವನಿಗೆ ಅವನವನ ಮನೆಯವರ ನೆನಪಾಗ್ತದೆ,” ಎನ್ನುತ್ತಾರೆ ನಾಸಿರ್.

ಚಿತ್ರ ಊರ ಟಾಕೀಸಿಗೆ ಬಂದ ದಿನ ಆಪರೇಟರ್ ನಿತ್ಯಾನಂದರಲ್ಲಿ ನಾಸಿರ್ ಕೇಳಿಕೊಂಡದ್ದು ಒಂದೇ: ಆ ದೃಶ್ಯ ಮುಗಿಯುವವರೆಗೆ ಫ್ಯಾನು ನಿಲ್ಲಿಸಿ. ಸೆಕೆಗಾಲ, ತುಂಬಿದ ಟಾಕೀಸು. ಒಲೆಯೆದುರಿನ ಮುಖ, ದೋಣಿಯ ಬಡಿತ. ಆಮೇಲೆ ಏನೂ ಇಲ್ಲ.

“ಫ್ಯಾನು ನಿಂತರೆ ನಮ್ಮವರು ಬೆಂಚು ಮುರೀತಾರೆ,” ನಾಸಿರ್ ನಗುತ್ತಾರೆ. “ಆ ದಿನ ಒಬ್ಬ ಕೆಮ್ಮಲೂ ಇಲ್ಲ.”