ಹುಣಸೆಹಣ್ಣಿನಿಂದ ಬೆಳಗಿದ ವಾಯರು

ಮೊಮ್ಮಕ್ಕಳೇ, ನಿಮ್ಮ ಅಜ್ಜ ಕೊಪ್ಪಳದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದುದು ನಿಮಗೆ ಗೊತ್ತು. ನಮ್ಮ ಕಡೆ ಟಿವಿ ಬಂದ ಹೊಸದರಲ್ಲಿ ಆಂಟೆನಾ ಕೂಡಿಸಲೂ ಹೋಗುತ್ತಿದ್ದರು. ಆಂಟೆನಾದಿಂದ ಟಿವಿಗೆ ಇಳಿಯುವ ದುಂಡನೆಯ ಕರಿ ವಾಯರು ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಮುನಿರಾಬಾದಿನ ಗುಜರಿ ಅಂಗಡಿಯಿಂದ ಹಳೆಯ ಸುರುಳಿಗಳನ್ನು ತರುತ್ತಿದ್ದರು. ಒಳ್ಳೆಯದನ್ನು ಆರಿಸುವ ಕೆಲಸ ನನ್ನದು.

ತುದಿಯನ್ನು ಬ್ಲೇಡಿನಿಂದ ಸೀಳಿದರೆ ಕರಿ ಸಿಪ್ಪೆಯ ಕೆಳಗೆ ತಾಮ್ರದೆಳೆಯ ಜಾಳಿಗೆ, ಅದರೊಳಗೆ ಬಿಳಿ ಪ್ಲಾಸ್ಟಿಕ್, ನಟ್ಟನಡುವೆ ಒಂಟಿ ತಂತಿ. ಸೆಲ್ಲು, ಬಲ್ಬು ಹಚ್ಚಿ ನೋಡಬೇಕು. “ಬಲ್ಬ್ ಹತ್ತಿತು ಅಂತ ನಂಬಬ್ಯಾಡ. ಜಾಳಿಗಿ ಕಪ್ಪಾಗಿದ್ರ ಒಳಗ ನೀರು ಹೊಕ್ಕೈತಿ, ಚಿತ್ರ ಬರೂದಿಲ್ಲ. ಕೆಂಪು ಕಾಣೂತನಕಾ ಕತ್ತರಿಸ್ಕೋತ ಹೋಗು” ಎನ್ನುತ್ತಿದ್ದರು ನಿಮ್ಮ ಅಜ್ಜ.

ಹಿಟ್ನಾಳದ ಮಾಸ್ತರರೊಬ್ಬರ ಮನೆಗೆ ಉದ್ದನೆಯ ವಾಯರು ಬೇಕಾಗಿತ್ತು. ಅಷ್ಟುದ್ದದ್ದು ಇದ್ದದ್ದು ಒಂದೇ. ಬಲ್ಬು ಹತ್ತಿತು, ಜಾಳಿಗೆ ಮಾತ್ರ ಕಪ್ಪು. ಗೇಣು ಕತ್ತರಿಸಿದೆ. ಮತ್ತೊಂದು ಗೇಣು ಕತ್ತರಿಸಿದೆ. ಕಪ್ಪೇ. ಇನ್ನೂ ಕತ್ತರಿಸಿದರೆ ಉದ್ದ ಸಾಲದು. ನಿಮ್ಮ ಅಜ್ಜ ಬಸ್ಸಿಗೆ ಅವಸರ ಮಾಡುತ್ತಿದ್ದರು. ನಾನು ಒಳಗೆ ಹೋಗಿ, ದೇವರ ತಂಬಿಗೆ ಬೆಳಗುವಂತೆ ಎರಡೂ ತುದಿಗಳನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ. ಫಳಫಳ ಹೊಳೆದವು.

“ಭಾಳ ಛಲೋ ಆರಿಸೀ ನೋಡು! ಬಾ, ನೀನೂ ಟಿವಿ ನೋಡೀವಂತಿ” ಎಂದರು. ಅವರು ಹೊಗಳುವುದು ಅಪರೂಪ. ನಾನು ಲಗುಬಗೆಯಿಂದ ಸೀರೆ ಬದಲಿಸಿ ಹೊರಟೆ.

ಹಿಟ್ನಾಳದಲ್ಲಿ ಓಣಿಯೇ ಕೂಡಿತ್ತು. ಟಿವಿಯಲ್ಲಿ ಹಾಡು ಕೇಳುತ್ತಿತ್ತು, ಪರದೆ ತುಂಬ ಮಾತ್ರ ಬರೀ ಚುಕ್ಕೆ. ಅವರು ಮಾಳಿಗೆ ಹತ್ತಿದರು, ಇಳಿದರು, ಮತ್ತೆ ಹತ್ತಿದರು.

“ಮಿಸ್ತ್ರಿ, ಇವ್ರು ಹಾಡಾಕತ್ತಾರೋ, ಜ್ವಾಳಾ ತೂರಾಕತ್ತಾರೋ?” ಎಂದ ಒಬ್ಬ ಮುದುಕ. ಎಲ್ಲರೂ ನಕ್ಕರು.

ಮಾಸ್ತರರು ನಗಲಿಲ್ಲ. “ಹಳೇದು ಅಂತ ಹೇಳೇ ಕೊಟ್ಟೀರಿ, ಖರೆ. ಆದ್ರ ಪರೀಕ್ಷಾ ಮಾಡೇನಿ ಅಂದಿದ್ರಲ್ಲ?”

“ಮಾಡೇನ್ರಿ ಸರ್. ನಂದ ಜಾಯಿಂಟ್ ಸರಿ ಕುಂತಿಲ್ಲ.”

ಹೆಂಡತಿ ಆರಿಸಿದ್ದು ಎನ್ನಲಿಲ್ಲ. ಹೆಂಗಸರ ನಡುವೆ ಕೂತಿದ್ದ ನಾನು ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಹುಣಸೆಹಣ್ಣಿನ ವಾಸನೆ ಇನ್ನೂ ಹೋಗಿರಲಿಲ್ಲ.

ಆ ವಾಯರು ಮನೆಗೆ ಮರಳಿತು. ಅವರು ಸೀಳಿ ನೋಡಿಯಾರು ಎಂದು ಹೆದರಿ, ಮರುದಿನವೇ ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿಬಿಟ್ಟೆ. ಅವರೋ ಎಷ್ಟೋ ದಿನ ಅಂಗಡಿಯಲ್ಲಿ ವಾಯರಿನ ಚೂರುಗಳನ್ನು ಜೋಡಿಸಿ, ಬಿಚ್ಚಿ, ತಮ್ಮ ಕೈತಪ್ಪನ್ನು ಹುಡುಕುತ್ತಿದ್ದರು. ನಾನು ಚಹಾ ಇಟ್ಟು ಬರುತ್ತಿದ್ದೆ. ಹಿಟ್ನಾಳದವರು ಮತ್ತೆ ಅವರನ್ನು ಕರೆಯಲಿಲ್ಲ. ಅವರು ತೀರಿಹೋಗುವವರೆಗೂ ನಾನು ಹೇಳಲಿಲ್ಲ.

ನಿಮ್ಮ ಅಂಗಿಗಳು ಒಣಗುವುದು ಇವತ್ತಿಗೂ ಅದರ ಮೇಲೆಯೇ. ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ. ಅಜ್ಜನ ಕೆಲಸದ ಬಗ್ಗೆ ಯಾರಾದರೂ ಆಡಿಕೊಂಡರೆ ತೆಗೆದು ತೋರಿಸಿ. ನನ್ನ ಎದುರಿಗೆ ಮಾತ್ರ ಓದಬೇಡಿ.