ಅಪ್ಪ ಬೆನ್ನು ಸೀಳಿದ ಪುಸ್ತಕ

ಇವತ್ತು ಚೆನ್ನೈನ ಅಂಬತ್ತೂರಿನ ಬೈಂಡಿಂಗ್ ಅಂಗಡಿಯಲ್ಲಿ ಮೈದಾ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ತಾತ ನೆನಪಾದರು. ತಿರುವೊಟ್ಟಿಯೂರಿನಲ್ಲಿದ್ದ ನಮ್ಮ ಕನ್ನಡ ಸಂಘದ ಲೈಬ್ರರಿಯ ಪುಸ್ತಕಗಳನ್ನೆಲ್ಲ ಅವರೇ ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟುತ್ತಿದ್ದರು.

ಒಂದು ಭಾನುವಾರ ಅಪ್ಪ ಅಲ್ಲಿಗೆ ಸ್ಕ್ಯಾನರ್ ತಂದ. ಹಾಳೆಗಳು ಬಿಡಿಬಿಡಿಯಾಗಿ ಬೇಕೆಂದು ಪುಸ್ತಕವೊಂದರ ಬೆನ್ನನ್ನು ಬ್ಲೇಡಿನಿಂದ ಸೀಳಿದ.

"ಅಡ ಪಾವಿ! ಪಾಪಿ, ಹೊಲಿದವನ ಕಣ್ಣೆದುರಿಗೇ ಕೊಯ್ತೀಯಾ?" ಎಂದವರೇ ತಾತ ಮರದ ಸುತ್ತಿಗೆಯಿಂದ ಅವನ ಕೈಗೆ ಬಾರಿಸಿದರು. ಬೆರಳು ಒಡೆದು ರಕ್ತ ಚಿಮ್ಮಿತು. "ವೇಂಡಾ ತಾತಾ, ಬೇಡ!" ಎಂದು ನಾನು ಕಿರುಚಿದೆ.

"ಗೆದ್ದಲು ತಿನ್ನೋವರೆಗೂ ಕಾಯ್ಬೇಕಾ?" ಎಂದು ಅಪ್ಪ ಅಬ್ಬರಿಸಿದ. ಆಮೇಲೆ ಇಬ್ಬರೂ ಸಾಯುವ ತನಕ ಮಾತಾಡಲಿಲ್ಲ.

ಈಗ ಆ ಪುಸ್ತಕ ಉಳಿದಿರುವುದು ನನ್ನ ಫೋನಿನಲ್ಲಿ ಮಾತ್ರ. ಮೊದಲ ಪುಟದಿಂದ ಕೊನೆಯ ಪುಟದವರೆಗೂ ಅಂಚಿನಲ್ಲಿ ಅಪ್ಪನ ರಕ್ತದ ಬೆರಳಚ್ಚಿದೆ. ಏಟು ತಿಂದ ಮೇಲೂ ಮನುಷ್ಯ ಸ್ಕ್ಯಾನ್ ಮಾಡುವುದನ್ನು ನಿಲ್ಲಿಸಿಲ್ಲ.