ಅತ್ತೆ ತಿಂದ ಸುಂಡೇಕಾಯಿ

ಮೊನ್ನೆ ಭಾನುವಾರ ಬಾಣಲೆಗೆ ತುಪ್ಪ ಹಾಕಿ ಒಂದು ಹಿಡಿ ಒಣಗಿದ ಸುಂಡೇಕಾಯಿ ಸುರಿದೆ. ಅದರ ವಾಸನೆ ಬಲ್ಲವರಿಗೇ ಗೊತ್ತು. ಮೊದಲು ಹುಳಿ ಮಜ್ಜಿಗೆ, ಆಮೇಲೆ ಕಹಿ, ಕೊನೆಗೆ ಪಕ್ಕದ ಮನೆಯವರ ಕೆಮ್ಮು. ನಮ್ಮ ಯಜಮಾನರು ಪೇಪರು ಹಿಡಿದು ಹೊರಗೆ ಹೋದರು. ನಾನು ಹುರಿಯುತ್ತಲೇ ಇದ್ದೆ. ಜ್ವರ ಬಿಟ್ಟು ನಾಲ್ಕು ದಿನವಾಗಿದ್ದರೂ ನಮ್ಮತ್ತೆ ಒಂದು ತುತ್ತು ಅನ್ನ ಮುಟ್ಟಿರಲಿಲ್ಲ. ಗಂಜಿ ಕೊಟ್ಟರೆ ಎರಡು ಗುಟುಕು, ಅಂಬಲಿ ಕೊಟ್ಟರೆ ಮುಖ ಗೋಡೆಯ ಕಡೆ. ನಾಳೆಯೂ ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕು ಎಂದಿದ್ದರು ಡಾಕ್ಟರು. ಎಂಬತ್ತು ದಾಟಿದ ಜೀವ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಕೆಟ್ಟ ಬಾಯಿಗೆ ರುಚಿ ಬರಿಸಲು ಸುಂಡೇಕಾಯಿಗಿಂತ ಮದ್ದಿಲ್ಲ ಎಂದು ನನಗೆ ಕಲಿಸಿದವರೇ ಅವರು.

ನೀವು ಸುಂಡೇಕಾಯಿ ನೋಡದಿದ್ದರೆ ಒಂದು ಮಾತು ಹೇಳಿಬಿಡುತ್ತೇನೆ. ಬಟಾಣಿಗಿಂತ ತುಸು ದಪ್ಪ, ಹಸಿರು, ಮುಳ್ಳುಗಿಡದಲ್ಲಿ ಗೊಂಚಲು ಗೊಂಚಲಾಗಿ ಬಿಡುತ್ತದೆ. ಬದನೆಯ ದಾಯಾದಿ, ಆದರೆ ಬದನೆಗಿರುವ ಮರ್ಯಾದೆ ಇದಕ್ಕಿಲ್ಲ. ಉಮ್ಮತ್ತೂರಿನ ನಮ್ಮ ಹಿತ್ತಿಲ ಬೇಲಿಯಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆದುಕೊಂಡಿತ್ತು. ಅತ್ತೆ ಬಲಿಯುವ ಮುಂಚೆ ಕೊಯ್ದು, ಒಂದೊಂದನ್ನೂ ಗುಂಡುಕಲ್ಲಿನಿಂದ ತಟ್ಟುತ್ತಿದ್ದರು. ಕಾಯಿ ಬಾಯಿ ಬಿಡಬೇಕು, ಅಪ್ಪಚ್ಚಿಯಾಗಬಾರದು. ಬೀಜ ಹೋಗುವಂತೆ ತೊಳೆದು, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರವಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಮಜ್ಜಿಗೆಯೆಲ್ಲ ಹೀರಿ ಮುಗಿಯುವ ತನಕ. ನಾನು ಆಗ ಚಂದಕವಾಡಿಯ ಶಾಲೆಯಲ್ಲಿ ಟೀಚರು. ನಾನು ತಟ್ಟಿದರೆ ಅರ್ಧ ಕಾಯಿ ಚಟ್ನಿಯಾಗುತ್ತಿತ್ತು, ಉಳಿದರ್ಧ ಹಾರಿ ಕೋಳಿಗಳ ಪಾಲಾಗುತ್ತಿತ್ತು.

"ಅದೇನು ನಿನ್ ಸ್ಕೂಲ್ ಐಕ್ಳ ತಲೆಯಾ, ಆ ಪಾಟಿ ಕುಟ್ತೀಯೆ? ಬುಡು ಇತ್ಲಾಗೆ" ಎಂದು ಕಲ್ಲು ಕಿತ್ತುಕೊಳ್ಳುತ್ತಿದ್ದರು.

ಅತ್ತೆಯ ಪ್ರಕಾರ ಈ ಕಾಯಿಯಿಂದ ಆಗದ ಕೆಲಸವಿಲ್ಲ. ಹೊಟ್ಟೆಹುಳಕ್ಕೆ ಸುಂಡೇಕಾಯಿ, ಕಫಕ್ಕೆ ಸುಂಡೇಕಾಯಿ, ಅಜೀರ್ಣಕ್ಕೂ ಅದೇ, ಹಸಿವಾಗದಿದ್ದರೂ ಅದೇ. ಗಡಿಯಾಚೆ ತಾಳವಾಡಿಯವರು ಇದನ್ನೇ ವತ್ತಲ್ ಎಂದು ಕರೆದು ಬಾಣಂತಿಗೆ ಇಕ್ಕುತ್ತಾರೆ. ಈಗಂತೂ ಚಾಮರಾಜನಗರದ ಅಂಗಡಿಗಳಲ್ಲಿ ಪ್ಯಾಕೆಟ್ಟಿನಲ್ಲೇ ಬರುತ್ತದೆ. ಕಬ್ಬಿಣದಂಶ, ನಾರಿನಂಶ ಎಂದು ಹಿಂದೆ ಅಚ್ಚು ಹಾಕಿರುತ್ತಾರೆ. ಎಷ್ಟು ನಿಜವೋ, ನಾನು ಕನ್ನಡ ಟೀಚರು, ನನ್ನನ್ನು ಕೇಳಬೇಡಿ.

ಬಾಣಂತಿ ಎಂದೆನಲ್ಲ, ನನ್ನ ಕಥೆ ಇರುವುದು ಅಲ್ಲೇ. ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ನನ್ನ ತವರು ಗುಂಡ್ಲುಪೇಟೆ. ಅಲ್ಲಿ ಅಪ್ಪ ಇದ್ದರು. ಅಮ್ಮ ನಾನು ಏಳನೇ ಕ್ಲಾಸಿನಲ್ಲಿದ್ದಾಗಲೇ ಹೋಗಿಬಿಟ್ಟಿದ್ದಳು. ಬಾಣಂತನ ಯಾರು ಮಾಡುತ್ತಾರೆ ಎಂದು ನಾನು ಒಳಗೊಳಗೇ ಕೊರಗುತ್ತಿದ್ದೆ. ಅತ್ತೆಗೆ ಅದು ಹೇಗೆ ತಿಳಿಯಿತೋ!

"ತವರು ಅಂದ್ರೇನು? ಒಂದು ಒಲೆ, ಎಲ್ಡು ಕೈ. ಎಲ್ಲಾ ಇಲ್ಲೇ ಅವೆ ಕಣಮ್ಮಿ. ಎಲ್ಲೂ ಓಗ್ಬ್ಯಾಡ" ಎಂದರು.

ಉಳಿದುಕೊಂಡೆ. ಮಗಳು ಹುಟ್ಟಿದಳು. ಮಧ್ಯಾಹ್ನದ ಊಟಕ್ಕೆ ಬಿಸಿ ಅನ್ನ, ತುಪ್ಪ, ಜೊತೆಗೆ ಕರ್ರಗೆ ಹುರಿದ ಸುಂಡೇಕಾಯಿ ಬಂತು. ಒಂದನ್ನು ಬಾಯಿಗಿಟ್ಟವಳೇ ಉಗಿದೆ. ಅಳು ಬಂತು, ಕಹಿಗಲ್ಲ, ಅಮ್ಮ ಇದ್ದಿದ್ದರೆ ಇಂಥದ್ದನ್ನೆಲ್ಲ ತಿನ್ನಿಸುತ್ತಿರಲಿಲ್ಲ ಅನ್ನಿಸಿ. ಅತ್ತೆ ಬೈಯಲಿಲ್ಲ. ಮರುದಿನ ತಮ್ಮ ತಟ್ಟೆಯನ್ನೂ ತಂದು ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತರು.

"ನಿಂಗೆ ಐದು, ನಂಗೆ ಐದು. ಯಾರು ಮೊದ್ಲು ಮುಗಿಸ್ತಾರೋ ನೋಡನ."

ಹುರಿಗಡಲೆ ತಿನ್ನುವವರಂತೆ ಕಟುಂ ಕಟುಂ ಎಂದು ಅಗಿದು ಗೆದ್ದೇಬಿಟ್ಟರು. ಸೋಲಬಾರದೆಂದು ನಾನೂ ತಿಂದೆ. ಮೂರು ತಿಂಗಳು ಹೀಗೇ ನಡೆಯಿತು. ಕೊನೆಕೊನೆಗೆ ನನಗೆ ಅದು ಎಷ್ಟು ರುಚಿಸಿತೆಂದರೆ ಅವರ ತಟ್ಟೆಗೂ ಕೈ ಹಾಕುತ್ತಿದ್ದೆ. ಅವರು ಒಂದು ದಿನವೂ ಬೇಡವೆನ್ನಲಿಲ್ಲ. ತಮಗಿಷ್ಟವಾದದ್ದನ್ನು ಸೊಸೆಗೆ ಬಿಟ್ಟುಕೊಡುತ್ತಾರಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ.

ಮೊನ್ನೆ ಹುರಿದದ್ದರಲ್ಲಿ ಐದನ್ನು ಎಣಿಸಿ, ಬಿಸಿ ಅನ್ನದ ಪಕ್ಕದಲ್ಲಿಟ್ಟು, ಅವರ ಮಂಚದ ಬಳಿ ಒಯ್ದೆ. ಅತ್ತೆ ನೋಡಿದವರೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

"ತಗಿ ಅತ್ಲಾಗೆ. ಆ ಕಹೀನ ನನ್ ಬಾಯ್ಗೆ ಇಕ್ಬ್ಯಾಡ."

"ನಿಮಗೆ ಇಷ್ಟ ಅಲ್ವಾ ಅತ್ತೆ?"

"ಯಾರಂದೋರು? ಉಟ್ಟಿದ್ಮೇಲೆ ಒಂದಿನ ಆಗಲಕಾಯ್ನೂ ಮುಟ್ಟಿಲ್ಲ ನಾನು."

ಹಾಗಲಕಾಯಿ ಮಾಡಿದ ದಿನವೇ ಅವರಿಗೆ ತಪ್ಪದೆ ಒಪ್ಪತ್ತು ಬರುತ್ತಿದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಚುಕ್ಕಿ ಬಿಟ್ಟಿದ್ದನ್ನೂ ಹಿಡಿಯುವವಳು ನಾನು!

"ಮತ್ತೆ ನನ್ನ ಬಾಣಂತನದಲ್ಲಿ ಮೂರು ತಿಂಗಳು ತಿಂದ್ರಲ್ಲ?"

ಅತ್ತೆ ನನ್ನನ್ನು ಶತದಡ್ಡಿಯನ್ನು ನೋಡುವಂತೆ ನೋಡಿದರು. "ಆಗ ನಿಂಗೆ ಅವ್ವ ಇರ್ನಿಲ್ಲ ಕಣಮ್ಮಿ. ಯಾರಾದ್ರೂ ಒಬ್ರು ಜೊತೇಲಿ ಕೂತು ತಿನ್ಬೇಕಿತ್ತಲ್ಲ."

ನಗುವೂ ಅಳುವೂ ಒಟ್ಟಿಗೇ ಬಂದವು. ಅವರೆದುರು ನೆಲದ ಮೇಲೆ ಕೂತು, ತಟ್ಟೆಯಲ್ಲಿದ್ದ ಸುಂಡೇಕಾಯಿಯನ್ನು ನಾನೇ ಒಂದೊಂದಾಗಿ ತಿನ್ನತೊಡಗಿದೆ. ಅತ್ತೆ ನೋಡುತ್ತಲೇ ಇದ್ದರು. ನಾಲ್ಕನೆಯದನ್ನು ಅಗಿಯುತ್ತಿದ್ದಾಗ ನಿಧಾನಕ್ಕೆ ಎದ್ದು ಕೂತು, ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನೀನೊಬ್ಳೇ ತಿಂತಾ ಕೂತ್ರೆ ನನ್ ಒಟ್ಟೆ ಸುಮ್ಕಿರ್ತದಾ? ಒಂಚೂರು ಮೊಸ್ರು ತತ್ತಾ."

ಅನ್ನ ಅಷ್ಟೂ ಖಾಲಿಯಾಯಿತು. ಸುಂಡೇಕಾಯಿ ಹಸಿವು ಬರಿಸುತ್ತದೆ ಎಂಬುದನ್ನು ಇನ್ನು ಮೇಲೆ ನಾನು ಅನುಮಾನಿಸುವುದಿಲ್ಲ. ಸಂಜೆಯೂ ಐದು ಹುರಿದು ನಾನೇ ತಿಂದೆ. ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು.